ಬೆಚ್ಚನೆ ಗೂಡಿನ ಎರಡು ಮಂಚ

ಮೆರೆಡಿತ್ ಕಾವುಡ್ ಅಳುವುದನ್ನು ನೀವು ನೋಡಲೇಬೇಕು. ಎಡಗಣ್ಣಿನಿಂದ ಒಂದೇ ಒಂದು ಹನಿ ಇಳಿದು, ಕೆನ್ನೆಗೆ ಹಚ್ಚಿದ ಬಣ್ಣ ಕೆಡದಂತೆ ಅರ್ಧದಲ್ಲೇ ನಿಂತುಬಿಡುತ್ತದೆ. ಪ್ರತಿ ಅಕ್ಟೋಬರಿನಲ್ಲಿ 'ಬೆಚ್ಚನೆ ಗೂಡು' ಸಂಸ್ಥೆಯ ವಾರ್ಷಿಕ ಔತಣದ ವೇದಿಕೆಯ ಮೇಲೆ ಅದೇ ಮಾತು, ಅದೇ ಕಣ್ಣು, ಅದೇ ಹನಿ. "ಹಿಮ ಸುರೀತಿತ್ತು. ಯಾರೋ ಬಾಗಿಲು ತಟ್ಟಿದ್ರು. ತೆಗೆದು ನೋಡ್ತೀನಿ, ಜಗುಲಿ ಮೇಲೊಂದು ಪುಟ್ಟ ಹುಡುಗಿ. ಅವಳ ಇಡೀ ಬದುಕು ಒಂದು ಕಪ್ಪು ಕಸದ ಚೀಲದಲ್ಲಿತ್ತು. ಅವತ್ತೇ ನಾನು ದೇವರಿಗೆ ಮಾತು ಕೊಟ್ಟೆ..." ಇಲ್ಲಿಗೆ ಬರುವಷ್ಟರಲ್ಲಿ ಸಭೆಯಲ್ಲಿ ಮೂಗೊರೆಸುವ ಸದ್ದು, ಪರ್ಸು ತೆರೆಯುವ ಸದ್ದು.

ಆ ಬಾಗಿಲು ನನ್ನದು. ಆ ಜಗುಲಿ ನನ್ನದು. ಆ ವಾರ ಮೆರೆಡಿತ್ ತನ್ನ ಗಂಡನ ಜೊತೆ ಫ್ಲೋರಿಡಾದ ಸಮುದ್ರದ ದಂಡೆಯಲ್ಲಿ ಬೆನ್ನಿಗೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು.

ನಾನು ಓರ್ಲೀನಾ ಸ್ಟಿಡಮ್. ಕೆಂಟಕಿಯ ಈ ಗುಡ್ಡಗಳ ಸಂದಿಯಲ್ಲಿ ಶಾಲೆಯ ಬಸ್ಸು ಓಡಿಸಿ ಮುದುಕಿಯಾದವಳು. ನನ್ನ ಗಂಡ ಹೋಬರ್ಟ್ ಬದುಕಿದ್ದಾಗಿನಿಂದಲೂ ಕೋರ್ಟಿನವರು ಕಳಿಸಿದ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಸಾಕಿದ್ದೇನೆ. ಮಕ್ಕಳನ್ನು ಹೆತ್ತವರಿಂದ ಬಿಡಿಸಿ ತರುವ ಗಡಿಬಿಡಿಯಲ್ಲಿ ಅಧಿಕಾರಿಗಳು ಕೈಗೆ ಸಿಕ್ಕಿದ್ದನ್ನು ಕಸದ ಚೀಲಕ್ಕೆ ತುಂಬಿ ತರುತ್ತಾರೆ. ಆ ಹುಡುಗಿಯ ಚೀಲದಲ್ಲಿ ಒಂದು ಒದ್ದೆ ಕಂಬಳಿ, ಒಂದೇ ಕಾಲಿನ ಬೂಟು, ಒಂದು ಟಿವಿ ರಿಮೋಟು ಇತ್ತು. ರಿಮೋಟು ಯಾಕೆ ಅಂತ ಕೇಳಿದರೆ ಮಗು ಅದನ್ನು ಎದೆಗೊತ್ತಿಕೊಂಡು ಕೊಡಲಿಲ್ಲ. ಮಾರನೇ ದಿನ ನಾನೂ ನನ್ನ ಗೆಳತಿ ಹೆಸ್ಟರಳೂ ಸೇರಿ ನನ್ನ ಗ್ಯಾರೇಜು ಗುಡಿಸಿ, ಹಗ್ಗ ಕಟ್ಟಿ, ಊರವರು ಕೊಟ್ಟ ಬಟ್ಟೆ ನೇತುಹಾಕಿದೆವು. ಕೆಳಗೆ ಬೂಟುಗಳ ಸಾಲು, ಮೂಲೆಯಲ್ಲಿ ಹಾಲಿನ ಪುಡಿ, ಡೈಪರು. ಬೀಗ ಇರಲಿಲ್ಲ. ಸಾಕುತಾಯಂದಿರು ಬರುತ್ತಿದ್ದರು, ಮೊಮ್ಮಕ್ಕಳನ್ನು ಸಾಕುವ ಅಜ್ಜಿಯರು ಬರುತ್ತಿದ್ದರು. ಮನೆಯಲ್ಲಿ ಹಾಲಿನ ಪುಡಿ ಇಲ್ಲ ಎಂಬ ಕಾರಣಕ್ಕೇ ಎಲ್ಲಿ ಮಕ್ಕಳನ್ನು ಒಯ್ದುಬಿಡುತ್ತಾರೋ ಎಂದು ಹೆದರಿದ ತಾಯಂದಿರೂ ತಲೆ ತಗ್ಗಿಸಿಕೊಂಡು ಬರುತ್ತಿದ್ದರು. ಅವರ ತಲೆ ಎತ್ತಿಸುವುದೇ ನಮ್ಮ ಕೆಲಸವಾಗಿತ್ತು.

ಬಟ್ಟೆ ಹೆಚ್ಚಾಗಿ ಗ್ಯಾರೇಜು ಸಾಲದೆ ನಮ್ಮ ಚರ್ಚಿನ ನೆಲಮಾಳಿಗೆಗೆ ಹೋದೆವು. ಮೆರೆಡಿತ್ ಬಂದದ್ದು ಅಲ್ಲಿಗೆ. ಅವಳ ಗಂಡ ಟ್ರಕ್ಕು ಮಾರುವವನು, ಜಿಲ್ಲೆಯ ಅರ್ಧ ಜನ ಅವನಿಗೆ ಕಂತು ಕಟ್ಟುತ್ತಾರೆ. ಅವಳು ಒಂದು ಡಬ್ಬ ಬಟ್ಟೆ ಕೆಳಗಿಟ್ಟು ಸುತ್ತ ಕಣ್ಣಾಡಿಸಿ, "ಅಯ್ಯೋ, ಇಷ್ಟು ಒಳ್ಳೇ ಕೆಲಸಕ್ಕೆ ಒಂದು ಹೆಸರೂ ಇಲ್ವಲ್ಲ ಓರ್ಲೀನಾ!" ಎಂದಳು. ಹೆಸರು ಬಂತು. ಹೆಸರಿನ ಹಿಂದೆ ಬೀಗ ಬಂತು. ಊರ ನಡುವಿನ ಹಳೇ ಬೂಟಿನ ಅಂಗಡಿಗೆ ಹೋದಾಗ ತೆರೆಯುವ ಹೊತ್ತು, ಮುಚ್ಚುವ ಹೊತ್ತು ಬಂತು. ಈಗಿನ ಗಾಜಿನ ಕಟ್ಟಡಕ್ಕೆ ಹೋದಾಗ, ಮೊದಲೇ ಫೋನು ಮಾಡಿ ಸಮಯ ಗೊತ್ತು ಮಾಡಿಕೊಂಡು ಬರಬೇಕು ಎಂದಾಯಿತು. ಕೊನೆಗೆ ಹೆತ್ತ ತಾಯಂದಿರೇ ಬೇಡವಾದರು. "ನಮ್ಮದು ಸಾಕುಕುಟುಂಬಗಳಿಗೆ ಇರೋ ಸಂಸ್ಥೆ. ನಶೆಯ ಮಾತ್ರೆ ನುಂಗೋರ ಕೈಗೆ ತಮ್ಮ ಉಡುಗೊರೆ ಹೋಗೋದು ದಾನಿಗಳಿಗೆ ಇಷ್ಟ ಆಗಲ್ಲ, ಅರ್ಥ ಮಾಡ್ಕೋ," ಎಂದಳು ಮೆರೆಡಿತ್. ನನಗೆ ಅರ್ಥವಾಯಿತು. ಬೈದೆ. ಮುಂದಿನ ಸಭೆಯಲ್ಲಿ ನನ್ನನ್ನು 'ಗೌರವ ಸಂಸ್ಥಾಪಕಿ' ಮಾಡಿ ಕೀಲಿಕೈ ಇಸಿದುಕೊಂಡರು. ಬಸ್ಸಿನ ಟೋಪಿ ಹಾಕಿಕೊಂಡ ನನ್ನ ಫೋಟೋ ಶೌಚಾಲಯದ ದಾರಿಯಲ್ಲಿ ತೂಗುಹಾಕಿದ್ದಾರೆ. ಹೋಗುವವರೂ ಬರುವವರೂ ನೋಡಲಿ ಅಂತ.

ಈಗ ಅಲ್ಲಿ ಕಥೆ ಹೇಳುವುದಕ್ಕೇ ಒಬ್ಬಳಿಗೆ ಸಂಬಳವಿದೆ. ಸುಳ್ಳಲ್ಲ. ಅವಳ ಹುದ್ದೆಯ ಹೆಸರೇ ಕಥಾ ವಿಭಾಗದ ಮುಖ್ಯಸ್ಥೆ. ಕೈಯಲ್ಲಿ ಫೋನು ಹಿಡಿದು ಮಕ್ಕಳ ಹಿಂದೆ ಓಡಾಡುವುದು ಅವಳ ಕೆಲಸ.

ಕಳೆದ ವರ್ಷ ನನ್ನ ಮನೆಯಲ್ಲಿ ಇಬ್ಬರು ಮಕ್ಕಳಿದ್ದರು. ಆರು ವರ್ಷದ ವೇಲನ್, ಅವನ ತಂಗಿ ಮೇಸಿ. ತಾಯಿ ಕ್ರಿಸ್ಟಾ ಫ್ಯೂಗೇಟ್. ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಇಳಿಸುವ ಕೆಲಸ ಮಾಡಿ ಬೆನ್ನು ಮುರಿದುಕೊಂಡಳು, ಡಾಕ್ಟರು ನೋವಿಗೆ ಮಾತ್ರೆ ಬರೆದ, ಮಾತ್ರೆ ಅವಳನ್ನು ಹಿಡಿದುಕೊಂಡಿತು. ನಮ್ಮ ಕಣಿವೆಯಲ್ಲಿ ಇದು ನೆಗಡಿಯ ಹಾಗೆ, ಯಾವ ಮನೆಯನ್ನೂ ಬಿಟ್ಟಿಲ್ಲ. ಒಂದು ದಿನ ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಸಾಮಾನು ತರಲು ಹೋದವಳು ಅಂಗಡಿಯ ಮುಂದೆ ಕಾರಿನಲ್ಲೇ ಎಚ್ಚರ ತಪ್ಪಿ ಬಿದ್ದಿದ್ದಳು. ಅವಳು ಮಾಡಿದ್ದು ಅಷ್ಟೇ. ಅಷ್ಟೇ ಅಂತ ನಾನು ಅದನ್ನು ಚಿಕ್ಕದು ಮಾಡುತ್ತಿಲ್ಲ. ಆದರೆ ಅದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ.

ಕ್ರಿಸ್ಟಾ ಮಾತ್ರೆ ಬಿಟ್ಟಳು. ನಡುಗಿ, ವಾಂತಿ ಮಾಡಿ, ಗೋಡೆಗೆ ತಲೆ ಚಚ್ಚಿಕೊಂಡು ಬಿಟ್ಟಳು. ಅದೇ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಹಿಡಿದು, ಹೊಳೆದಂಡೆಯಲ್ಲಿ ಒಂದು ಟ್ರೇಲರ್ ಮನೆ ಬಾಡಿಗೆಗೆ ಮಾಡಿದಳು. ಪ್ರತಿ ಭಾನುವಾರ ನನ್ನ ಮನೆಗೆ ಬಂದು ಮಕ್ಕಳ ಜೊತೆ ಬೀನ್ಸ್ ಕಾಳು ಬೇಯಿಸಿ, ಮೆಕ್ಕೆಜೋಳದ ಬ್ರೆಡ್ಡು ಸುಟ್ಟು, ಊಟ ಮಾಡಿಸಿ ಹೋಗುತ್ತಿದ್ದಳು. ನವೆಂಬರಿನಲ್ಲಿ ಕೋರ್ಟು ಮಕ್ಕಳನ್ನು ಅವಳಿಗೆ ವಾಪಸು ಕೊಡುವುದೆಂದು ಎಲ್ಲ ನಿಗದಿಯಾಗಿತ್ತು. ಉಳಿದಿದ್ದು ಒಂದೇ ವಿಷಯ. ಮನೆ ನೋಡಲು ಬರುವ ಅಧಿಕಾರಿಗೆ ಮಕ್ಕಳಿಬ್ಬರಿಗೂ ಬೇರೆ ಬೇರೆ ಮಂಚ ಕಾಣಿಸಬೇಕು.

"ನನ್ನ ಮಂಚ ತಗೊಂಡು ಹೋಗೇ," ಎಂದೆ.

"ಬೇಡ ಮ್ಯಾಮಾ," ಎಂದಳು. ಇಲ್ಲಿ ಅಜ್ಜಿಗೆ ಹಾಗನ್ನುತ್ತಾರೆ, ಮಕ್ಕಳು ಕರೆಯುವುದನ್ನು ಕೇಳಿ ಅವಳೂ ಹಾಗೇ ಕರೆಯುತ್ತಿದ್ದಳು. "ನಾಳೆ ಇನ್ನೊಂದು ಮಗು ನಿಮ್ಮ ಬಾಗಿಲಿಗೆ ಬಂದ್ರೆ ಎಲ್ಲಿ ಮಲಗಿಸ್ತೀರಿ? ಬೆಚ್ಚನೆ ಗೂಡಿನೋರು ಕೊಡ್ತಾರಂತೆ. ಮಂಚ, ಹಾಸಿಗೆ, ಗೋಡೆಗೆ ಬಣ್ಣ, ಎಲ್ಲಾ."

"ಹೆತ್ತ ತಾಯಂದಿರಿಗೆ ಕೊಡಲ್ಲ ಅವರು."

"ನಂಗೆ ಕೊಡ್ತಾರೆ. ಔತಣದಲ್ಲಿ ಸಾಕ್ಷಿ ಹೇಳ್ಬೇಕಂತೆ, ಅಷ್ಟೇ."

ಆ 'ಅಷ್ಟೇ' ನನಗೆ ಹಿಡಿಸಲಿಲ್ಲ. ಆದರೆ ಸಾಕ್ಷಿ ಹೇಳುವುದು ನಮ್ಮಲ್ಲಿ ಹೊಸದೇನಲ್ಲ. ಬುಧವಾರ ಸಂಜೆ ಚರ್ಚಿನಲ್ಲಿ ಹಾಡು ಮುಗಿದ ಮೇಲೆ ಯಾರಿಗೆ ಮನಸ್ಸು ಬರುತ್ತದೋ ಅವರು ಎದ್ದು ನಿಂತು, ತಾನು ಎಂಥ ಪಾಪಿಯಾಗಿದ್ದೆ, ದೇವರು ಹೇಗೆ ಎತ್ತಿಕೊಂಡ ಎಂದು ಹೇಳುತ್ತಾರೆ. ಹಳ್ಳ ಆಳವಾದಷ್ಟೂ 'ಆಮೆನ್' ಜೋರು. ಹೀಗಾಗಿ ಎಲ್ಲರೂ ಹಳ್ಳವನ್ನು ಇನ್ನಷ್ಟು ತೋಡುತ್ತಾರೆ. ನಮ್ಮ ಹೆಸ್ಟರ್ ತಾನು ಕುಡಿತದ ಗುಲಾಮಳಾಗಿದ್ದೆ ಎಂದು ವರ್ಷಕ್ಕೊಮ್ಮೆಯಾದರೂ ಕಣ್ಣೀರಿಡುತ್ತಾಳೆ. ಅವಳು ಜೀವನದಲ್ಲಿ ಕುಡಿದದ್ದು ತಂಗಿಯ ಮದುವೆಯಲ್ಲಿ ಅರ್ಧ ಲೋಟ ಹಣ್ಣಿನ ವೈನು, ಕುಡಿದು ಹುಲ್ಲಿನ ಮೇಲೆ ನಿದ್ದೆ ಹೋಗಿದ್ದಳು. ಯಾರೂ ಅದನ್ನು ಸುಳ್ಳು ಅನ್ನುವುದಿಲ್ಲ. ಕೇಳುವವರು ತಮ್ಮ ಪಾಡಿಗೆ ಅರ್ಧಕ್ಕಿಂತ ಹೆಚ್ಚು ಕಳೆದುಬಿಟ್ಟು, ಉಳಿದದ್ದಕ್ಕೆ ಆಮೆನ್ ಹೇಳುತ್ತಾರೆ. ಕ್ರಿಸ್ಟಾ ಇದೇ ಬೆಂಚುಗಳ ಮೇಲೆ ಬೆಳೆದ ಹುಡುಗಿ.

ಔತಣಕ್ಕೆ ಮುಂಚೆ ಕಥಾ ವಿಭಾಗದವಳು ನನ್ನ ಮನೆಗೂ ಬಂದಳು. ಸಂಸ್ಥೆಯ ಹೆಸರು ಬರೆದ ಎರಡು ಪುಟ್ಟ ಸೂಟ್‌ಕೇಸು ತಂದಿದ್ದಳು. "ಕಸದ ಚೀಲ ಇನ್ನು ಸಾಕು" ಎಂಬುದು ಅವರ ಆ ವರ್ಷದ ಘೋಷಣೆ. ವೇಲನ್‌ಗೆ ಸೂಟ್‌ಕೇಸು ಕೊಟ್ಟು ಫೋನು ಹಿಡಿದಳು. ಹುಡುಗ ಅದರ ಚಕ್ರ ತಿರುಗಿಸಿ ಹಲ್ಲು ಬಿಟ್ಟು ನಕ್ಕ.

"ಹಾಗಲ್ಲ ಪುಟ್ಟಾ, ಅದನ್ನ ತಬ್ಕೋ. ಅಮ್ಮನ್ನ ನೆನೆಸ್ಕೋ. ಹಾಂ, ಈಗ ಅಳು."

ವೇಲನ್ ನನ್ನ ಮುಖ ನೋಡಿದ. "ಯಾಕೆ ಅಳ್ಬೇಕು ಮ್ಯಾಮಾ? ಅಮ್ಮ ಭಾನುವಾರ ಬರ್ತಾಳಲ್ಲ?"

"ಒಂದೇ ಸಲ, ಚಿನ್ನ. ಅತ್ರೆ ಚಾಕೊಲೇಟ್ ಕೊಡ್ತೀನಿ."

ಆರು ವರ್ಷದ ಮಗು ಚಾಕೊಲೇಟಿಗಾಗಿ ಮುಖ ಕಿವುಚಿತು. ನಾನು ಪೊರಕೆ ತೆಗೆದುಕೊಂಡು ಅವಳನ್ನು ಜಗುಲಿ ಇಳಿಸುವಷ್ಟರಲ್ಲಿ ಅವಳ ಕೆಲಸ ಮುಗಿದಿತ್ತು. ಎರಡನೇ ದಿನಕ್ಕೆ ಸೂಟ್‌ಕೇಸಿನ ಚಕ್ರ ಕಿತ್ತುಬಂತು.

ಔತಣ ನಡೆದದ್ದು ಹೈಸ್ಕೂಲಿನ ಆಟದ ಸಭಾಂಗಣದಲ್ಲಿ. ಗೌರವ ಸಂಸ್ಥಾಪಕಿಗೆ ಕೊಟ್ಟ ಜಾಗ ಅಡುಗೆಮನೆ ಬಾಗಿಲಿನ ಪಕ್ಕ. ಕೈ ಕಟ್ಟಿಕೊಂಡು ಕೂರಲಾರದೆ ನಾನೂ ಹೆಸ್ಟರಳೂ ಆಲೂಗಡ್ಡೆಯ ತಟ್ಟೆ ಹಂಚುತ್ತಿದ್ದೆವು. ವೇದಿಕೆಯ ಮೇಲೆ ಒಂದು ಮಕ್ಕಳ ಕೋಣೆಯನ್ನೇ ಕಟ್ಟಿದ್ದರು. ಬಿಳಿ ಬಣ್ಣದ ಎರಡು ಮಂಚ, ತಲೆದಿಂಬಿನ ಮೇಲೆ ಹೊಲಿದ ಹೆಸರು, ವೇಲನ್, ಮೇಸಿ. ಕ್ರಿಸ್ಟಾ ಯಾರದೋ ನೀಲಿ ಅಂಗಿ ತೊಟ್ಟು ಅವುಗಳ ನಡುವೆ ನಿಂತಿದ್ದಳು. ಕೈ ಹೋಗಿ ಹೋಗಿ ಮೇಸಿಯ ದಿಂಬನ್ನು ಸವರುತ್ತಿತ್ತು.

ಮೆರೆಡಿತ್ ಬಾಗಿಲು ತೆರೆದಳು, ಹಿಮ ಸುರಿಸಿದಳು, ಹನಿ ಉದುರಿಸಿದಳು. ಆಮೇಲೆ ಕ್ರಿಸ್ಟಾ ಮೈಕು ಹಿಡಿದಳು. ಮೊದಲು ಧ್ವನಿ ನಡುಗಿತು. ಆಮೇಲೆ ಬುಧವಾರದ ಲಯ ಹಿಡಿಯಿತು.

"ಚಳಿಗಾಲದಲ್ಲಿ ನನ್ನ ಮಕ್ಕಳನ್ನ ಒಂಟಿಯಾಗಿ ಬಿಟ್ಟು ದಿನಗಟ್ಟಲೆ ಹೋಗ್ತಿದ್ದೆ. ಒಲೇಲಿ ಬೆಂಕಿ ಇರ್ಲಿಲ್ಲ. ಮಾತ್ರೆಗೋಸ್ಕರ ನನ್ನ ಮಗಳ ತೊಟ್ಟಿಲು ಮಾರಿದೆ..."

ತೊಟ್ಟಿಲೇ! ಆ ತೊಟ್ಟಿಲು ನನ್ನ ಅಟ್ಟದ ಮೇಲಿತ್ತು, ಅವಳೇ ತಂದಿಟ್ಟದ್ದು. ನಾನು ಹೆಸ್ಟರಳ ಮುಖ ನೋಡಿದೆ, ಹೆಸ್ಟರ್ ನನ್ನ ಮುಖ ನೋಡಿದಳು. ಸುತ್ತ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. ನಮ್ಮವರು ಮನಸ್ಸಿನಲ್ಲೇ ಕಳೆಯುವಷ್ಟು ಕಳೆದುಕೊಂಡು ಕಣ್ಣೊರೆಸಿಕೊಂಡರು. ಆದರೆ ಮುಂದಿನ ಸಾಲಿನಲ್ಲಿ ಒಬ್ಬಳು ಚಪ್ಪಾಳೆ ತಟ್ಟಲಿಲ್ಲ. ಅವಳು ಮಿಸ್ ಪೆಲ್ಹಮ್, ಮಕ್ಕಳ ಪರವಾಗಿ ಕೋರ್ಟು ನೇಮಿಸಿದ ವಕೀಲೆ. ಆ ಬೇಸಿಗೆಯಲ್ಲಷ್ಟೇ ದೊಡ್ಡ ಊರಿನಿಂದ ಬಂದವಳು, ನಮ್ಮ ಬುಧವಾರಗಳನ್ನು ಕಂಡವಳಲ್ಲ. ಅವಳಿಗೆ ಕಳೆಯುವ ಲೆಕ್ಕ ಗೊತ್ತಿರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೇ ನಂಬಿದಳು. ಅವಳ ಕೆಲಸವೇ ಅದು, ಅವಳನ್ನು ನಾನು ದೂರುವುದಿಲ್ಲ.

ಕ್ರಿಸ್ಟಾ ಅಡುಗೆಮನೆಗೆ ಬಂದಾಗ ಅವಳ ತೋಳು ಹಿಡಿದು ಕೇಳಿದೆ. "ಏನೇ ಅದು, ತೊಟ್ಟಿಲು ಮಾರಿದ್ದು?"

"ನಿಜ ಏನಿತ್ತೋ ಅದನ್ನೇ ಹೇಳ್ದೆ ಮ್ಯಾಮಾ ಮೊದ್ಲು. 'ಇಷ್ಟೇನಾ? ಇದಕ್ಕೆ ಯಾರು ಅಳ್ತಾರೆ?' ಅಂದ್ರು ಮಿಸ್ ಮೆರೆಡಿತ್. ಅವರೇ ಕೂತು ಹೇಳಿಕೊಟ್ರು. ಸಾಕ್ಷಿ ಅಂದ್ರೆ ಹಂಗೇ ಅಲ್ವಾ? ಎಲ್ರೂ ಹಂಗೇ ಹೇಳೋದು." ಅವಳ ಮುಖ ಬೆಳಗುತ್ತಿತ್ತು. "ಮಂಚ ನೋಡಿದ್ರಾ? ಮೇಸಿ ಹೆಸರು ಗುಲಾಬಿ ದಾರದಲ್ಲಿದೆ."

ನಾನು ಅವಳ ತೋಳು ಬಿಟ್ಟೆ.

ಮುಂದಿನ ವಾರವೇ ಸುದ್ದಿ ಬಂತು. ಮಿಸ್ ಪೆಲ್ಹಮ್ ಕೋರ್ಟಿಗೆ ಹೋಗಿ, ಈ ತಾಯಿ ಊರೆಲ್ಲರ ಮುಂದೆ ಒಪ್ಪಿಕೊಂಡ ವಿಷಯಗಳು ಕೋರ್ಟಿಗೆ ಗೊತ್ತೇ ಇಲ್ಲ, ಮಕ್ಕಳನ್ನು ವಾಪಸು ಕೊಡಬಾರದು ಎಂದಿದ್ದಳು. ಕ್ರಿಸ್ಟಾ ತೊಟ್ಟಿಲು ಮಾರಿದೆ ಎನ್ನುವ ತುಣುಕನ್ನು ಬೆಚ್ಚನೆ ಗೂಡಿನವರೇ ಸಂಗೀತ ಸೇರಿಸಿ ಲೋಕಕ್ಕೆಲ್ಲ ತೋರಿಸಿದ್ದರು. ಕೋರ್ಟಿಗೆ ಬೇರೆ ಸಾಕ್ಷ್ಯ ಬೇಕಾಗಿರಲಿಲ್ಲ. ಹೀಗೇ ಬಿಟ್ಟರೆ ಮಕ್ಕಳನ್ನು ಶಾಶ್ವತವಾಗಿ ಬೇರೆಯವರಿಗೆ ದತ್ತು ಕೊಡುವ ದಾರಿ ತೆರೆಯುತ್ತದೆ ಎಂದ ಕ್ರಿಸ್ಟಾಳ ವಕೀಲ ಟ್ಯಾಕೆಟ್. ಸರ್ಕಾರ ಕೊಟ್ಟ ವಕೀಲನಾದರೂ ಹುಡುಗ ಚುರುಕು. ಕ್ರಿಸ್ಟಾ ನನ್ನ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತಳು. ಅಳಲೂ ಇಲ್ಲ. ಮೇಸಿ ಬಂದು ಅವಳ ತಲೆಯ ಮೇಲೆ ಬಟ್ಟೆ ಹೊದಿಸಿ ಆಟವಾಡುತ್ತಿತ್ತು.

ನಾನು ನೆಟ್ಟಗೆ ಗಾಜಿನ ಕಟ್ಟಡಕ್ಕೆ ಹೋದೆ. ಸಮಯ ಗೊತ್ತು ಮಾಡಿಕೊಂಡಿದ್ದೀರಾ ಎಂದು ಬಾಗಿಲಲ್ಲಿ ಕೇಳಿದ ಹುಡುಗಿಗೆ, "ನೀನು ಹುಟ್ಟೋ ಮುಂಚೆ ಗೊತ್ತು ಮಾಡ್ಕೊಂಡಿದ್ದೆ, ಸರಿ ಆಚೆ," ಎಂದು ಒಳನುಗ್ಗಿದೆ. ಹೊಕ್ಕ ಕೂಡಲೇ ಕಂಡದ್ದು ಆ ಎರಡು ಮಂಚ. ದಾನಿಗಳು ಬಂದಾಗ ತೋರಿಸಲೆಂದು ನಡುಮನೆಯಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದ್ದರು. ದಿಂಬಿನ ಮೇಲೆ ಹೆಸರುಗಳು ಹಾಗೇ ಇದ್ದವು.

ಮೆರೆಡಿತ್ ಎದ್ದು ಬಂದು ನನ್ನನ್ನು ತಬ್ಬಿಕೊಳ್ಳಲು ನೋಡಿದಳು. ನಾನು ಕೈಚೀಲವನ್ನು ಮುಂದೆ ಹಿಡಿದೆ.

"ಕೋರ್ಟಿಗೆ ಬಂದು ಒಂದು ಮಾತು ಹೇಳು. ಆ ಮಾತನ್ನೆಲ್ಲಾ ನಾನೇ ಹೇಳಿಕೊಟ್ಟೆ ಅಂತ. ಮುಗೀತು."

"ಓರ್ಲೀನಾ, ನಮ್ಮ ಹೃದಯ ಒಡೆದುಹೋಗಿದೆ. ಆದ್ರೆ ನಾವು ಯಾರ ಬಾಯಿಗೂ ಮಾತು ತುರುಕಲ್ಲ. ಕ್ರಿಸ್ಟಾ ಅವಳ ಸತ್ಯ ಅವಳು ಹೇಳಿದಳು."

"ಅವಳ ಸತ್ಯವಂತೆ! ಅವಳ ಸತ್ಯ ನಿನಗೆ ಸಾಲಲಿಲ್ಲ ಅಂತ ತಾನೇ ನೀನು ಕೂತು ಹೊಸದು ಹೊಲಿದದ್ದು?"

"ಈ ವರ್ಷ ಹೊಸ ಜಿಲ್ಲೆಗೆ ಕಾಲಿಡ್ತಿದ್ದೀವಿ ನಾವು. ನಮ್ಮ ವೇದಿಕೆ ಮೇಲೆ ಹೇಳೋದು ನಿಜ ಅಲ್ಲ ಅಂತ ಒಂದು ಸಲ ಜನಕ್ಕೆ ಅನ್ನಿಸಿದ್ರೆ, ಎಷ್ಟು ಮಕ್ಕಳಿಗೆ ನಷ್ಟ ಯೋಚಿಸು. ಒಬ್ಬಳಿಗೋಸ್ಕರ ಅಷ್ಟು ಮಕ್ಕಳನ್ನ ಬಲಿ ಕೊಡಕ್ಕಾಗತ್ತಾ?"

"ಮಕ್ಕಳಲ್ಲ ಮೆರೆಡಿತ್, ನಿನ್ನ ಗಾಜು," ಎಂದೆ. "ಮಂಚವಾದ್ರೂ ಕೊಡು."

"ಅದೀಗ ಸೂಕ್ಷ್ಮ ವಿಷಯ. ಕೋರ್ಟಲ್ಲಿ ಇರೋವಾಗ..." ಎಂದು ಎಡಗಣ್ಣು ತೇವ ಮಾಡಿಕೊಂಡಳು. ನನಗೆ ಹೇಸಿಗೆಯಾಯಿತು. ಬಾಗಿಲಲ್ಲಿ ಉಗಿಯಬೇಕೆಂದುಕೊಂಡೆ, ನೆಲ ಒರೆಸುವವಳು ನಮ್ಮ ಬೀದಿಯವಳೇ ಎಂದು ಸುಮ್ಮನಾದೆ.

ಮೆರೆಡಿತ್ ಕೋರ್ಟಿಗೆ ಬಂದಳು, ಬರದೆ ವಿಧಿ ಇರಲಿಲ್ಲ, ಟ್ಯಾಕೆಟ್ ಕರೆಸಿದ್ದ. ನಾನೂ ಹೆಸ್ಟರಳೂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಟ್ಯಾಕೆಟ್ ಬಾಡಿದ ಮುಖದಲ್ಲಿ ಬಂದು, "ಅವಳು ಏನೂ ಒಪ್ಪಲ್ಲ ಅನ್ಸತ್ತೆ. ಕ್ರಿಸ್ಟಾ ಮಾತು ಒಂದು ಕಡೆ, ಊರ ದೊಡ್ಡ ಹೆಂಗಸಿನ ಮಾತು ಒಂದು ಕಡೆ. ಜಡ್ಜು ಯಾರನ್ನ ನಂಬ್ತಾರೆ?" ಎಂದ.

"ನಂಬ್ತಾರೆ, ನಂಬ್ತಾರೆ. ಹಿಮ ಸುರೀತಿದ್ದಾಗ ಫ್ಲೋರಿಡಾದಲ್ಲಿ ಕೂತು ಇಲ್ಲಿ ಬಾಗಿಲು ತೆಗೆದ ಹೆಂಗಸು ಅವಳು!" ಎಂದಳು ಹೆಸ್ಟರ್, ಸಿಟ್ಟಿನಲ್ಲಿ.

ಟ್ಯಾಕೆಟ್ ಹೊರಟವನು ನಿಂತ. "ಏನಂದ್ರಿ?"

ನಾನು ಆ ಬಾಗಿಲಿನ ಕಥೆ ಹೇಳಿದೆ. ಚೀಲ, ಕಂಬಳಿ, ರಿಮೋಟು. ಅವನು ಪೂರ್ತಿ ಕೇಳಿದ. "ನೀವಿಬ್ಬರೂ ಒಳಗೆ ಬಂದು ಅವಳಿಗೆ ಕಾಣೋ ಹಾಗೆ ಕೂತ್ಕೊಳ್ಳಿ, ಇಂಥ ಕೇಸಿಗೆ ಹೊರಗಿನೋರನ್ನ ಬಿಡಲ್ಲ, ಜಡ್ಜ್ ಹತ್ರ ನಾನು ಕೇಳ್ತೀನಿ," ಎಂದ. ಜಡ್ಜ್ ಒಪ್ಪಿದರು.

ಮೆರೆಡಿತ್ ಬೈಬಲ್ಲಿನ ಮೇಲೆ ಕೈಯಿಟ್ಟು ಸತ್ಯವನ್ನೇ ಹೇಳುತ್ತೇನೆ ಎಂದಳು. ಮುತ್ತಿನ ಸರ, ಬೂದು ಬಣ್ಣದ ಕೋಟು, ಮುಖದಲ್ಲಿ ಲೋಕದ ದುಃಖವನ್ನೆಲ್ಲ ಹೊತ್ತ ಕಳೆ. ಕ್ರಿಸ್ಟಾಳ ಮಾತು ಕ್ರಿಸ್ಟಾಳದೇ ಎಂದಳು. ವೇದಿಕೆಯ ಮೇಲೆ ಹೇಳುವುದೆಲ್ಲ ನಿಜವೇ ಎಂದು ಟ್ಯಾಕೆಟ್ ಕೇಳಿದ.

"ಪ್ರತಿಯೊಂದು ಅಕ್ಷರ."

"ಅವತ್ತು ಅದೇ ವೇದಿಕೆ ಮೇಲೆ ನೀವೂ ಮಾತಾಡಿದ್ರಿ. ಹಿಮದಲ್ಲಿ ಬಂದ ಹುಡುಗಿ ಬಗ್ಗೆ."

"ಹೌದು. ಅದು ನನ್ನ ಜೀವನ ಬದಲಾಯಿಸಿದ ಸಂಜೆ," ಎಂದಳು. ಹನಿ ಸಿದ್ಧವಾಗುತ್ತಿತ್ತು.

"ಆ ಬಾಗಿಲು ತೆಗೆದೋರು ಯಾರು, ಮಿಸೆಸ್ ಕಾವುಡ್? ನೆನಪಿರಲಿ, ಪ್ರಮಾಣ ಮಾಡಿದ್ದೀರಿ. ನಿಮ್ಮ ನಂತರದ ಸಾಕ್ಷಿ ಓರ್ಲೀನಾ ಸ್ಟಿಡಮ್."

ಮೆರೆಡಿತ್ ನನ್ನ ಕಡೆ ನೋಡಿದಳು. ನಾನು ಕಣ್ಣು ಮಿಟುಕಿಸಲಿಲ್ಲ. ಹೆಸ್ಟರ್ ಮಡಿಲಲ್ಲಿ ಕೈ ಕಟ್ಟಿ, ಚರ್ಚಿನಲ್ಲಿ ಕೂತ ಹಾಗೆ ಕೂತಿದ್ದಳು. ಇಷ್ಟು ವರ್ಷ ನಾವು ಬಾಯಿ ಬಿಡದೇ ಇದ್ದದ್ದು ಒಳ್ಳೆಯತನಕ್ಕಲ್ಲ, ಇಂಥ ಹೆಂಗಸಿನ ಜೊತೆ ಜಗಳ ಯಾಕೆ ಎಂಬ ತಾತ್ಸಾರಕ್ಕೆ. ಅದು ಅವಳಿಗೆ ಆ ಹೊತ್ತಿನಲ್ಲಿ ತಿಳಿಯಿತು ಅನ್ನಿಸುತ್ತದೆ. ಹನಿ ಇಂಗಿಹೋಯಿತು. ಕುತ್ತಿಗೆ ಕೆಂಪಗಾಯಿತು. ಕ್ರಿಸ್ಟಾ ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದಳು.

"ಅದು... ನನ್ನ ಮನೆ ಅಂತ ಅಲ್ಲ," ಎಂದಳು ಮೆರೆಡಿತ್. "ಒಟ್ಟಾರೆ ಸಂಸ್ಥೆಯ ಬಾಗಿಲು ಅಂತ."

"ಸಂಸ್ಥೆ ಆಗ ಇತ್ತಾ?"

"ಇಲ್ಲ."

"ನೀವು ಊರಲ್ಲಿದ್ರಾ?"

"ನೋಡಿ, ವೇದಿಕೆ ಮೇಲೆ ಸ್ವಲ್ಪ ಬಣ್ಣ ಹಚ್ತೀವಿ. ಯಾರು ಹಚ್ಚಲ್ಲ ಹೇಳಿ? ಜನರ ಮನಸ್ಸು ಮುಟ್ಟಬೇಕಲ್ಲ. ಒಳ್ಳೇ ಕೆಲಸಕ್ಕೆ ತಾನೇ?"

"ಕ್ರಿಸ್ಟಾಳ ಮಾತಿಗೂ ಹಚ್ಚಿದ್ರಾ?"

ಅವಳು ತಲೆ ತಗ್ಗಿಸಿದಳು. ಹಿಂದೆ ನನ್ನ ಗ್ಯಾರೇಜಿಗೆ ಬರುತ್ತಿದ್ದ ತಾಯಂದಿರ ಹಾಗೆ. ನನಗೆ ಕನಿಕರ ಬರಬಹುದೆಂದು ಒಂದು ಕ್ಷಣ ಕಾದೆ. ಬರಲಿಲ್ಲ.

"ತೊಟ್ಟಿಲು ನಾವು ಹೇಳಿದ್ದು," ಎಂದಳು. "ಒಲೆ ಕೂಡ. ಒಂಟಿಯಾಗಿ ಬಿಟ್ಟಿದ್ದು ಕೂಡ."

ಮಿಸ್ ಪೆಲ್ಹಮ್ ತನ್ನ ಪೆನ್ನು ಕೆಳಗಿಟ್ಟಳು. ಆ ದಿನ ಕ್ರಿಸ್ಟಾ ಮಕ್ಕಳನ್ನು ಬಿಟ್ಟುಹೋಗಿದ್ದ ಪಕ್ಕದ ಮನೆಯವಳನ್ನೂ ನನ್ನನ್ನೂ ಅವಳೇ ಪ್ರಶ್ನೆ ಕೇಳಿದಳು, ಅಟ್ಟದ ಮೇಲಿನ ತೊಟ್ಟಿಲನ್ನು ಅವಳೇ ಬಂದು ಕಣ್ಣಾರೆ ನೋಡಿದಳು, ತನ್ನ ಆಕ್ಷೇಪವನ್ನು ಅವಳೇ ಹಿಂದಕ್ಕೆ ತೆಗೆದುಕೊಂಡಳು. ಮೆರೆಡಿತ್‌ಗಿಂತ ಸಾವಿರ ಪಾಲು ಲೇಸು. ಜಡ್ಜ್ ಮಕ್ಕಳನ್ನು ತಾಯಿಗೆ ಕೊಡಿ ಎಂದರು. ಶುಕ್ರವಾರ ಅಧಿಕಾರಿ ಮನೆ ನೋಡುವಾಗ ಮಂಚ ಇರಬೇಕು, ಅಷ್ಟೇ.

ಬೆಚ್ಚನೆ ಗೂಡಿನ ಮಂಚ ಹಗ್ಗದ ಹಿಂದೆಯೇ ಉಳಿಯಿತು. ಈ ಸಲ ನಾನು ಕ್ರಿಸ್ಟಾಳನ್ನು ಕೇಳಲೇ ಇಲ್ಲ. ನನ್ನ ಹಿಂದಿನ ಕೋಣೆಯ ಎರಡೂ ಮಂಚ ಬಿಚ್ಚಿ, ಹೆಸ್ಟರಳ ಹಳೇ ಟ್ರಕ್ಕಿಗೆ ಹೇರಿ, ಮೂವರು ಹೆಂಗಸರು ಬೆನ್ನು ಹಿಡಿದುಕೊಂಡು ಟ್ರೇಲರಿಗೆ ಸಾಗಿಸಿದೆವು. ಯಾವ್ಯಾವ ಮಕ್ಕಳೋ ಆ ಮರದ ಮೇಲೆ ಹಲ್ಲಿನ ಗುರುತು ಮಾಡಿದ್ದರು. ಮಕ್ಕಳ ಬಟ್ಟೆ, ಆಟಿಕೆಗಳನ್ನು ಕಸದ ಚೀಲಗಳಲ್ಲೇ ತುಂಬಿದೆ, ಚಕ್ರವಿಲ್ಲದ ಸೂಟ್‌ಕೇಸಿನಲ್ಲಿ ಹಿಡಿಯುವುದಾದರೂ ಎಷ್ಟು? ಖಾಲಿಯಾದ ಕೋಣೆಯ ಬಾಗಿಲು ಎಳೆದುಕೊಳ್ಳುವಾಗ ನನಗೆ ಅಳು ಬಂತು. ಎರಡೂ ಕಣ್ಣಿನಿಂದ, ಮೂಗಿನಿಂದಲೂ.

ಮಕ್ಕಳು ಮನೆ ಸೇರಿದ ದಿನ ಮಧ್ಯಾಹ್ನ ಕ್ರಿಸ್ಟಾ ಕೋಳಿ ಸಾರಿನಲ್ಲಿ ಹಿಟ್ಟಿನುಂಡೆ ಬೇಯಿಸುತ್ತಿದ್ದಳು. ವೇಲನ್ ತನ್ನ ಮಂಚದ ಮೇಲೆ ಕುಣಿದು ಬೈಸಿಕೊಂಡು ಆಚೆ ಬಂದು, ಜಗುಲಿಯ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಿದ್ದ. ಆಗ ಬಂತು ಬಿಳಿ ವ್ಯಾನು. ಮೈಮೇಲೆಲ್ಲ ಗೂಡಿನ ಚಿತ್ರ. ಮೊದಲು ಇಳಿದದ್ದು ಫೋನು, ಅದರ ಹಿಂದೆ ಕಥಾ ವಿಭಾಗದವಳು, ಅವಳ ಹಿಂದೆ ಬಲೂನು ಹಿಡಿದ ಮೆರೆಡಿತ್. ಹೌದು, ಮೆರೆಡಿತ್! ಕೋರ್ಟು ಮುಗಿದು ವಾರವೂ ಆಗಿರಲಿಲ್ಲ, ಮುಖ ಆಗಲೇ ತೊಳೆದಿಟ್ಟ ತಟ್ಟೆಯಾಗಿತ್ತು.

"ಕ್ರಿಸ್ಟಾ ಎಲ್ಲಿ? ಒಂದು ಕುಟುಂಬ ಒಂದಾಗಿದೆ ಅಂದ್ರೆ ಎಂಥಾ ಸಂತೋಷ! ನಾನು ಕೋರ್ಟಲ್ಲಿ ಅವಳ ಪರ ನಿಂತಿದ್ದು ಸಾರ್ಥಕ ಆಯ್ತು," ಎಂದಳು.

ನನ್ನ ಬಾಯಲ್ಲಿ ಒಳ್ಳೊಳ್ಳೆಯ ಬೈಗುಳ ಸಾಲುಗಟ್ಟಿ ನಿಂತಿದ್ದವು. ಒಂದು ಹೊರಡುವಷ್ಟರಲ್ಲಿ ವೇಲನ್ ಎದ್ದು ನಿಂತ. ಫೋನನ್ನು ನೋಡಿದ, ಅದನ್ನು ಹಿಡಿದವಳನ್ನು ನೋಡಿದ. ಅಂಗಿಯನ್ನು ಕೆಳಕ್ಕೆಳೆದುಕೊಂಡು ಸರಿಮಾಡಿಕೊಂಡ.

"ಈಗ ಅಳ್ಬೇಕಾ?" ಎಂದು ಕೇಳಿದ.

ಬಾಗಿಲಲ್ಲಿ ಕ್ರಿಸ್ಟಾ ನಿಂತಿದ್ದಳು, ಕೈಗೆ ಹಿಟ್ಟು ಮೆತ್ತಿತ್ತು. ಅವಳು ಮೆಟ್ಟಿಲಿಳಿದು ಬಂದು ಮಗನನ್ನು ಎತ್ತಿಕೊಂಡಳು, ಅಷ್ಟು ದೊಡ್ಡ ಹುಡುಗನನ್ನು, ಆ ಮುರಿದ ಬೆನ್ನಿನಲ್ಲಿ.

"ಬೇಡ ಕಂದಾ," ಎಂದಳು. "ನಿಂಗೆ ಊಟದ ಹೊತ್ತಾಯ್ತು."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಕೇಳಿಸಿತು. ಮೆರೆಡಿತ್ ಬಲೂನು ಹಿಡಿದುಕೊಂಡು ನನ್ನ ಕಡೆ ತಿರುಗಿದಳು, ಎಡಗಣ್ಣು ಮಿನುಗುತ್ತಿತ್ತು.

"ಹೋಗು ಮೆರೆಡಿತ್, ಈ ಬಾಗಿಲೂ ನಿನ್ನದಲ್ಲ," ಎಂದೆ.